ಲೇಸಿನಲ್ಲಿ ಸಿಕ್ಕಿದ ಗಸಗಸೆ

ರಾಮಕೃಷ್ಣನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಮುಚ್ಚಿದ ಡಬ್ಬಿಯನ್ನು ತೆರೆದು, “ಇನ್ನೊಂಚೂರು ಜಾಗ ಇದೆ ಕಣಮ್ಮ” ಎಂದು ಏನಾದರೂ ತುಂಬುತ್ತಿದ್ದರು.

ದುಬೈಯಲ್ಲಿ ನರ್ಸ್ ಆಗಿದ್ದ ಅವರ ತಂಗಿಗೆ ಹೆಣ್ಣು ಮಗುವಾಯಿತು. ಮಗುವಿನ ಜ್ಞಾನಸ್ನಾನಕ್ಕೆ ಬಿಳಿ ಲೇಸಿನ ಫ್ರಾಕ್ ಕಳಿಸಬೇಕಿತ್ತು. ಅದು ಅವರ ಅಜ್ಜಿ ಹೊಲಿದದ್ದು; ಆ ಮನೆಯ ಮಕ್ಕಳೆಲ್ಲ ಅದನ್ನೇ ತೊಟ್ಟು ಚರ್ಚಿಗೆ ಹೋದವರು. ನನ್ನ ದಿನಚರಿಯಲ್ಲಿ ಆ ವಾರವೆಲ್ಲ ಅದೇ ಸುದ್ದಿ: ಸೋಮವಾರ ಪೆಟ್ಟಿಗೆಗೆ ಟೇಪು ಹಾಕಿದೆವು, ಮಂಗಳವಾರ ಆಂಟಿ ಬಿಚ್ಚಿದರು, ಬುಧವಾರ ಮತ್ತೆ ಬಿಚ್ಚಿದರು.

ಗುರುವಾರ ನನ್ನ ಸ್ಕೂಟರಿನಲ್ಲಿ ಕುವೆಂಪುನಗರದ ಕೊರಿಯರ್ ಅಂಗಡಿಗೆ ಹೋದೆವು. ತಪಾಸಣೆಗೆಂದು ಪೆಟ್ಟಿಗೆ ತೆರೆದ ಕೌಂಟರಿನಾಕೆ ಫ್ರಾಕಿನ ಮಡಿಕೆಯಿಂದ ಪೊಟ್ಟಣವೊಂದನ್ನು ಎತ್ತಿದಳು.

“ಇದೇನು ಆಂಟಿ?”

“ಗಸಗಸೆ. ಜ್ಞಾನಸ್ನಾನದ ದಿನ ಪಾಯಸ ಬೇಡ್ವಾ?”

“ಅಯ್ಯೋ, ಗಸಗಸೆ ಆ ದೇಶಕ್ಕೆ ಕಳಿಸೋ ಹಾಗಿಲ್ಲ ಕಣ್ರೀ. ಅಫೀಮಿನ ಗಿಡದ ಬೀಜ ಅಂತ ಅಲ್ಲಿ ಅದನ್ನ ಮಾದಕ ವಸ್ತುವಿನ ಲೆಕ್ಕಕ್ಕೆ ಹಿಡೀತಾರೆ. ಸಿಕ್ಕಿದ್ರೆ ನಿಮ್ಮ ತಂಗೀನೇ ಪೊಲೀಸ್ರು ಕರ್ಕೊಂಡು ಹೋಗ್ತಾರೆ!”

ಪೊಟ್ಟಣದ ಮೂಲೆ ಹರಿದಿತ್ತು. ಲೇಸಿನ ತೂತುಗಳಲ್ಲೆಲ್ಲ ಕಾಳು ಸಿಕ್ಕಿಕೊಂಡಿತ್ತು.

ಆಂಟಿ ಅಲ್ಲೇ ಫ್ರಾಕ್ ಕೊಡವಿದರು. ಮನೆಗೆ ಬಂದು ಒಗೆದರು, ಸೂಜಿಯಿಂದ ಕೆದಕಿದರು.

“ಎಲ್ಲ ಹೋಯ್ತು ಆಂಟಿ, ಕಳಿಸ್ಬುಡಿ” ಎಂದೆ.

“ಒಂದೇ ಒಂದು ಉಳ್ಕೊಂಡಿದ್ರೆ?” ಎಂದರು. ಕಳಿಸಲಿಲ್ಲ.

ಮಗು ಅಂಗಡಿಯ ಫ್ರಾಕ್ ತೊಟ್ಟು ಜ್ಞಾನಸ್ನಾನ ಪಡೆಯಿತು. ತಂಗಿ ವಿಡಿಯೊ ಕರೆ ಮಾಡಿ ತೋರಿಸಿದಳು. “ಚೆನ್ನಾಗಿದೆ, ಚೆನ್ನಾಗಿದೆ” ಎನ್ನುತ್ತಲೇ ಆಂಟಿ ಹಳೆಯ ಫ್ರಾಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಲೇಸಿನ ಒಂದೊಂದು ತೂತನ್ನೂ ನೋಡುತ್ತಿದ್ದರು.