ಬೋಗುಣಿಯ ಕಪ್ಪು

ಅಂತಿಕಿರಾ ಬಂದರಿನಲ್ಲಿ ದೋಣಿಯಿಂದ ಇಳಿಯುವವರಲ್ಲಿ ಎರಡು ಬಗೆ. ಮೀನು ಕೊಳ್ಳಲು ಬಂದವರು ಬಿರಬಿರನೆ ನಡೆದುಬಿಡುತ್ತಾರೆ. ಬೇರು ಕುಡಿಯಲು ಬಂದವರು ನಾಲ್ಕು ಹೆಜ್ಜೆ ಇಟ್ಟು ನಿಂತು, ಬಂದ ದೋಣಿ ಇನ್ನೂ ಇದೆಯೋ ಹೊರಟೇಹೋಯಿತೋ ಎಂದು ತಿರುಗಿ ನೋಡುತ್ತಾರೆ. ಜೊತೆಗೆ ಬಂದ ತಮ್ಮನೋ ಹೆಂಡತಿಯೋ ರಟ್ಟೆ ಹಿಡಿದು ಎಳೆದರೆ ಮಾತ್ರ ಮುಂದಿನ ಹೆಜ್ಜೆ. ಅಂಥವರು ಕೊನೆಗೆ ಬಂದು ಸೇರುತ್ತಿದ್ದುದು ನಿಕಾಸೊಳ ಮನೆಗೆ.

ಮಂಕು, ಹುಚ್ಚು, ಯಾರೊಡನೆಯೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗುವ ಕಾಯಿಲೆ, ಇವೆಲ್ಲ ಮೈಯೊಳಗೆ ಕರಿಪಿತ್ತ ಹೆಚ್ಚಾದ್ದರಿಂದ ಬರುತ್ತವೆ ಎಂಬುದು ನಮ್ಮ ನಾಡಿನಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಕಕ್ಕಿಸಿ ಹೊರಗೆ ಹಾಕಬೇಕಾದರೆ ಹೆಲ್ಲೆಬೋರದ ಬೇರೇ ಆಗಬೇಕು, ಆ ಬೇರು ಅಂತಿಕಿರಾದ ಬೆಟ್ಟದ್ದೇ ಆಗಬೇಕು. ವೈದ್ಯ ಬಂದು ನಾಲಿಗೆ ನೋಡಿ, ಇಷ್ಟು ಪುಡಿ ಎಂದು ಬೆರಳಲ್ಲಿ ತೋರಿಸಿ ಹೊರಟುಹೋಗುತ್ತಾನೆ. ಆಮೇಲಿನದೆಲ್ಲ ನಿಕಾಸೊಳ ಪಾಲು. ಮೊದಲು ಕೆಲವು ದಿನ ಹಂದಿಯ ಕೊಬ್ಬು, ಗಿಣ್ಣು, ಬಿಸಿನೀರ ಸ್ನಾನ ಎಂದು ಬಂದವರ ಮೈಯನ್ನು ಹಸಿ ಮಾಡಬೇಕು. ಬೇರು ಕುಡಿಸಿದ ಮೇಲೆ ಮಲಗಲು ಬಿಡದೆ ಅಂಗಳದಲ್ಲಿ ನಡೆಸಬೇಕು. ವಾಂತಿ ಬಾರದಿದ್ದರೆ ಹಕ್ಕಿಯ ಗರಿಯನ್ನು ಎಣ್ಣೆಯಲ್ಲಿ ಅದ್ದಿ ಗಂಟಲಿಗೆ ಹಾಕಬೇಕು. ಬಂದರೆ ಒಂದು ಕೈಯಲ್ಲಿ ಹಣೆ, ಒಂದು ಕೈಯಲ್ಲಿ ಬೋಗುಣಿ.

ಬೇರು ಅಗೆದು ತರುವುದು, ಕುಟ್ಟುವುದು, ಹದವಾಗಿ ಕಾಡೆಳ್ಳು ಬೆರೆಸುವುದು ಅವಳ ಗಂಡ ಆಂದ್ರೋನನ ಕೆಲಸ. ಗಂಡ ಹೆಂಡತಿ ಇಬ್ಬರಿಗೂ ದಿನ ಬೆಳಗಾದರೆ ಇದೇ ಆದ್ದರಿಂದ ಅವರ ಮಾತೂ ಇದರದ್ದೇ. ಒಗ್ಗದವರು ಕೇಳಿಸಿಕೊಂಡರೆ ಊಟ ಬಿಟ್ಟು ಏಳಬೇಕು. ತೆಳ್ಳಗಿನ ಕಫಕ್ಕೆ ಒಂದು ಹೆಸರು, ಎಳೆದರೆ ನೂಲಾಗುವ ಕಫಕ್ಕೆ ಇನ್ನೊಂದು. ದ್ರಾಕ್ಷಿಯಲ್ಲಿರುವುದು, ಸೊಪ್ಪು ಹಿಂಡಿದರೆ ಬರುವುದು, ಮನುಷ್ಯನೊಳಗೆ ತುಂಬಿಕೊಂಡಿರುವುದು ಎಲ್ಲಕ್ಕೂ ಖುಮೋಸ್ ಎಂದರೆ ಆಯಿತು. ಅಂಜೂರದ ಗಿಡವನ್ನು ಗೀರಿದರೆ ಸೋರುವ ಹಾಲು ಒಪೋಸ್. ಗಾಯದಿಂದ ಜಿನುಗುವ ನೀರು ಇಖೋರ್. ದೇವರ ಮೈಯಲ್ಲಿ ನೆತ್ತರಿನ ಬದಲು ಹರಿಯುವುದಕ್ಕೂ ಹಾಡುಗಾರರು ಅದೇ ಹೆಸರು ಕೊಟ್ಟಿದ್ದಾರೆ.

"ಹಂಗಾದ್ರೆ ನಮ್ ಬಿತ್ತೊ ಮೊಣಕಾಲ್ನಾಗೆ ಯಾವ್ದೋ ದೇವ್ರೇ ಬಂದು ಕೂತವ್ನೆ," ಎಂದು ಆಂದ್ರೋನ್ ಬೋಗುಣಿ ತಿಕ್ಕುತ್ತಾ ಹೇಳುತ್ತಿದ್ದ. ಬಿತ್ತೊ ಅವನ ತಂಗಿ, ಪಕ್ಕದ ಮನೆಯವಳು. ಅವಳ ಮೊಣಕಾಲಿನ ಹುಣ್ಣು ವರ್ಷವಿಡೀ ಸೋರುತ್ತಿತ್ತು.

"ನಿನ್ ಬಾಯಿಗಿಷ್ಟು ಬೇರು ಹಾಕ," ಎಂದು ಅವಳು ಗೋಡೆಯಾಚೆಯಿಂದ ಬೈಯುತ್ತಿದ್ದಳು. ಆಂದ್ರೋನನ ಬಾಯಿ ಅಂಥದು. ಬಂದ ರೋಗಿಗಳನ್ನು ಅರ್ಧ ಅವನ ಮಾತೇ ವಾಸಿ ಮಾಡುತ್ತದೆ ಎಂದು ನಿಕಾಸೊಗೆ ಒಳಗೊಳಗೇ ಹೆಮ್ಮೆ.

ಗಂಡ ಹೆಂಡತಿಯ ನಡುವೆ ಒಂದು ಗುಟ್ಟಿತ್ತು. ಅಷ್ಟು ವರ್ಷ ಬೋಗುಣಿ ಹಿಡಿದರೂ ನಿಕಾಸೊ ಕರಿಪಿತ್ತವನ್ನು ಕಣ್ಣಾರೆ ಕಂಡವಳಲ್ಲ. ಹಳದಿ ಬರುತ್ತದೆ, ಹಸಿರು ಬರುತ್ತದೆ, ಲೋಳೆ ಬರುತ್ತದೆ, ಕಪ್ಪು ಮಾತ್ರ ಬರುವುದಿಲ್ಲ. ಹಿಂದೆ ಮೆಗಾರದ ಎಣ್ಣೆ ವ್ಯಾಪಾರಿಯೊಬ್ಬ ಕರುಳು ಕಿತ್ತು ಬರುವ ಹಾಗೆ ಕಕ್ಕಿ, ಬೋಗುಣಿಯೊಳಗೆ ಇಣುಕಿ ನೋಡಿ, "ಕರೀದು ಬರ್ಲಿಲ್ಲ. ಒಳಗೇ ಉಳ್ಕೊಂಡ್ತು," ಎಂದು ಮತ್ತೆ ಗೋಡೆಗೆ ತಿರುಗಿ ಮಲಗಿಬಿಟ್ಟಿದ್ದ. ಮಾರನೆಯ ದಿನ ಅವನಿಗೆ ಇನ್ನೊಂದು ಸಲ ಕೊಡಬೇಕಾಯಿತು. ಅಂದು ಆಂದ್ರೋನ್ ಒಲೆಯ ಮೇಲೆ ಹಿಪ್ಪುನೇರಳೆ ಹಣ್ಣಿನ ರಸ ಕುದಿಸುತ್ತಿದ್ದ. ಬೇಕೆಂದಲ್ಲ, ಅವಳ ಬೆರಳಿಗೆ ಅಂಟಿದ್ದ ರಸ ಬೋಗುಣಿಗೆ ಇಳಿಯಿತು. ವ್ಯಾಪಾರಿ ನೋಡಿದವನೇ ಎದ್ದು ಕೂತು ರೊಟ್ಟಿ ಕೇಳಿದ. ಅಂದಿನಿಂದ ಬೇಸಗೆ ಬಂದರೆ ಆಂದ್ರೋನ್ ಆ ರಸವನ್ನು ಅಂಟಾಗುವ ತನಕ ಕುದಿಸಿ, ದೀಪದ ಮಸಿ ಬೆರೆಸಿ, ಒಂದು ಪುಟ್ಟ ಕುಡಿಕೆಗೆ ತುಂಬಿ ಕೊಡುವುದು, ಅವಳು ಅದನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುವುದು ರೂಢಿಯಾಯಿತು. ಇದನ್ನು ಮೋಸ ಎನ್ನುವವರು ಅನ್ನಲಿ. ಅವರು ಯಾರೂ ಆ ವ್ಯಾಪಾರಿ ರೊಟ್ಟಿ ತಿಂದದ್ದನ್ನು ನೋಡಿಲ್ಲ.

ಹೀಗಿರುವಾಗ, ಗೋದಿ ಕೊಯ್ಲಿನ ಹೊತ್ತಿಗೆ, ಲಾರಿಸ್ಸಾದ ಕುದುರೆ ಸಾಕುವವರ ಮನೆಯಿಂದ ಮೆದೀಯೋಸ್ ಎಂಬ ಹುಡುಗ ಬಂದ. ಮದುವೆ ಗೊತ್ತಾಗಿದ್ದವನು ಇದ್ದಕ್ಕಿದ್ದಂತೆ ಊಟ, ನಿದ್ದೆ, ನಗು ಮೂರನ್ನೂ ಬಿಟ್ಟಿದ್ದ. ಅಪ್ಪ ಜೊತೆಗಿದ್ದ. ಹುಡುಗ ಯಾರಿಗೂ ಬಾಯಿ ಬಿಡದವನು ಆಂದ್ರೋನನಿಗೆ ಅಂಟಿಕೊಂಡ. ಅವನ ಹಿಂದೆ ಬೆಟ್ಟ ಹತ್ತಿದ, ಅವನು ಬೇರು ಅಗೆಯುವುದನ್ನು ಬಂಡೆಯ ಮೇಲೆ ಕೂತು ನೋಡಿದ. ಸಂಜೆ ಇಬ್ಬರೂ ಬೇರಿನ ಚೀಲ ಹೊತ್ತು ಇಳಿದು ಬಂದಾಗ ಹುಡುಗನ ಮುಖದಲ್ಲಿ ಕಳೆ ಇತ್ತು. ಆಂದ್ರೋನನ ಮುಖದಲ್ಲಿ ಇರಲಿಲ್ಲ. ದಣಿದಿರಬೇಕು ಎಂದುಕೊಂಡಳು ನಿಕಾಸೊ.

ಆ ಹೊಸ ಬೇರನ್ನೇ ಕುಟ್ಟಿ ಮೆದೀಯೋಸನಿಗೆ ಕೊಟ್ಟರು. ವೈದ್ಯ ಹೇಳಿದಷ್ಟೇ ಕೊಟ್ಟರು. ಹುಡುಗನಿಗೆ ವಾಂತಿಯಾಗಲಿಲ್ಲ. ಗರಿ ಹಾಕಿದರೂ ಆಗಲಿಲ್ಲ. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನ ಹಾಗೆ ಬಾಗಿ, ನಿಕಾಸೊಳ ತೊಡೆಯ ಮೇಲೆಯೇ ಹೋಗಿಬಿಟ್ಟ. ಹೀಗೆ ಆಗುವುದುಂಟು, ಅಪರೂಪಕ್ಕೆ. ಅಪ್ಪನೂ ಅದನ್ನೇ ಹೇಳಿದ. ಯಾರ ಮೇಲೂ ಹೊರಿಸದೆ ಮಗನ ಬೂದಿಯನ್ನು ತೆಗೆದುಕೊಂಡು ದೋಣಿ ಹತ್ತಿದ.

ಅಂದಿನಿಂದ ಆಂದ್ರೋನ್ ಮಾತು ನಿಲ್ಲಿಸಿದ. ಮೊದಲು ಒಂದೆರಡು ಮಾತಾಡುತ್ತಿದ್ದವನು ಆಮೇಲೆ ಅದನ್ನೂ ಬಿಟ್ಟ. ಒರಳಿನ ಮುಂದೆ ಕೂತರೆ ಒನಕೆ ಎತ್ತುವುದಿಲ್ಲ, ತಟ್ಟೆ ಇಟ್ಟರೆ ಕೈ ಇಡುವುದಿಲ್ಲ. ಹಿಪ್ಪುನೇರಳೆ ಹಣ್ಣಾಗಿ ಉದುರಿತು, ಅವನು ಅಲ್ಲಾಡಲಿಲ್ಲ. ನಿಕಾಸೊ ತಾನೇ ಆಯ್ದು ತಂದು, ಬಂದವರ ಸ್ನಾನಕ್ಕೆ ನೀರು ಕಾಯಿಸುವ ನಡುವೆ ಗಡಿಬಿಡಿಯಲ್ಲಿ ಕುದಿಸಿ ಕುಡಿಕೆ ತುಂಬಿದಳು. ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಆ ಗೋಡೆಯ ಪರಿಚಯ ಅವಳಿಗೆ ಚೆನ್ನಾಗಿತ್ತು.

"ಅತ್ತಿಗೆ, ಊರಿಗೆಲ್ಲ ಕುಡಿಸ್ತೀಯ, ಅಣ್ಣನಿಗೆ ಮಾತ್ರ ಯಾಕಿಲ್ಲ?" ಎಂದು ಬಿತ್ತೊ ಶುರು ಮಾಡಿದಳು. "ಬಾವಿಕಟ್ಟೇಲಿ ಏನಂತಾರೆ ಗೊತ್ತಾ? ಅವಳ್ ಮದ್ದಿನ ಮೇಲೆ ಅವಳಿಗೇ ನಂಬ್ಕೆ ಇಲ್ಲ ಅಂತಾರೆ."

"ಅನ್ಲಿ ಬಿಡು."

"ಅನ್ಲಿ ಅಂದ್ರೆ? ಅವ್ನು ಎಲುಬಾಗವ್ನೆ. ನಿಂಗೇನು ಹೆದ್ರಿಕೆನಾ?"

"ಹೂಂ ಕಣೆ, ಹೆದ್ರಿಕೆ," ಎಂದಳು ನಿಕಾಸೊ. "ಆ ಹುಡ್ಗನ ದವಡೆ ಬಿಡ್ಸೋಕೆ ನೋಡಿದ್ದು ನಾನು. ನೀನಲ್ಲ."

ಬಿತ್ತೊ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ವೈದ್ಯನೂ ಬಂದು ನೋಡಿ, ಬೇರು ಕೊಡದಿದ್ದರೆ ಚಳಿಗಾಲ ದಾಟುವುದು ಕಷ್ಟ ಎಂದ. ಬಂದವರಿಗೆಲ್ಲ "ಹೆದರಬೇಡಿ, ನಾನಿದ್ದೀನಿ" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ತನಗೆ ಹಾಗೆ ಹೇಳುವವನು ಒಬ್ಬನೇ ಇದ್ದ, ಅವನೇ ಮಲಗಿದ್ದ. ಇದಕ್ಕಿಂತ ದೊಡ್ಡ ಇಕ್ಕಟ್ಟು ಅವಳು ಕಂಡಿರಲಿಲ್ಲ. ಬೇರು ಕೊಟ್ಟರೆ ಹುಡುಗನ ಹಾಗೆ ಆಗಬಹುದು. ಬದುಕಿಕೊಂಡರೂ ಬೋಗುಣಿಯಲ್ಲಿ ಅವನಿಗೆ ತೋರಿಸಲು ಏನಿದೆ? ಕುಡಿಕೆ ತುಂಬಿ ಕೊಡುತ್ತಿದ್ದವನಿಗೇ ಹಿಪ್ಪುನೇರಳೆ ತೋರಿಸಿ ವಾಸಿಯಾಯಿತು ಅನ್ನಲಾಗುತ್ತದೆಯೇ?

ಕೊನೆಗೆ ಒಂದು ಬೆಳಗ್ಗೆ, ಹೊಟ್ಟೆಗೆ ಕೊಬ್ಬು, ಮೈಗೆ ಬಿಸಿನೀರು ಎಲ್ಲ ಆದ ಮೇಲೆ, ಅವಳೇ ಪುಡಿಯನ್ನು ಬೇಳೆಯ ಸಾರಿಗೆ ಕಲಸಿದಳು. ಅವನು ಅವಳ ಮುಖ ನೋಡಿದ, ಬಟ್ಟಲು ನೋಡಿದ, ಒಂದೇ ಗುಟುಕಿಗೆ ಕುಡಿದ. ಅಷ್ಟು ಬೇಗ ಕುಡಿದದ್ದೇ ಅವಳಿಗೆ ಸರಿ ಕಾಣಲಿಲ್ಲ. ಬದುಕಬೇಕೆನ್ನುವವರು ಮೂಗು ಮುಚ್ಚಿಕೊಂಡು ಗೊಣಗುತ್ತಾ ಕುಡಿಯುತ್ತಾರೆ.

ಅಂಗಳದಲ್ಲಿ ಅವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆಸಿದಳು. "ನಡಿ ಕಣಯ್ಯಾ, ಮಲ್ಗ್‌ಬೇಡ. ಇನ್ನೊಂದ್ ಸುತ್ತು." ಬಿತ್ತೊ ಇನ್ನೊಂದು ಪಕ್ಕ ಹಿಡಿದು ಕುಂಟುತ್ತಾ ನಡೆದಳು. ಬೆವರು ಬಂತು, ಜೊಲ್ಲು ಬಂತು, ಬರಬೇಕಾದ್ದು ಬರಲಿಲ್ಲ. ನಿಕಾಸೊ ಗರಿ ಹಾಕಿದಳು. ಬರಲಿಲ್ಲ. ಅವನ ದವಡೆಯ ಸ್ನಾಯು ಒಮ್ಮೆ ಬಿಗಿಯಿತು. ಅವಳು ಗರಿ ಎಸೆದಳು. ಎಲ್ಲ ಬಿಟ್ಟು ಎರಡು ಬೆರಳನ್ನು ಗಂಟಲಿನ ತನಕ ತುರುಕಿದಳು. ಅವನು ಕಚ್ಚಿದ. ಅವಳು ಕೈ ತೆಗೆಯಲಿಲ್ಲ.

ಆಗ ಬಂತು. ಬೋಗುಣಿ, ಅವಳ ಸೆರಗು, ಬಿತ್ತೊಳ ಕಾಲು ಯಾವುದನ್ನೂ ಬಿಡಲಿಲ್ಲ. ಕಫ ಬಂತು, ಹಳದಿ ಬಂತು, ಎಲೆಯ ಹಸಿರಿನ ಕಹಿನೀರು ಬಂತು. ಬಂದಷ್ಟೂ ಬಂತು. ಕಪ್ಪು ಮಾತ್ರ ಒಂದು ಹನಿಯೂ ಇರಲಿಲ್ಲ. ಬಿತ್ತೊ ಬಿಸಿನೀರು ತರಲು ಒಳಗೆ ಹೋದಳು. ಆಂದ್ರೋನ್ ನೆಲಕ್ಕೆ ಕೂತು ಉಸಿರು ಎಳೆಯುತ್ತಾ ಕಣ್ಣು ಮುಚ್ಚಿದ್ದ. ನಿಕಾಸೊಳ ಕೈ ತನ್ನಷ್ಟಕ್ಕೆ ಸೊಂಟದ ಪಟ್ಟಿಗೆ ಹೋಯಿತು. ಬೇಡ ಎಂದು ಬುದ್ಧಿ ಹೇಳಿತು. ಅಷ್ಟು ವರ್ಷದ ರೂಢಿ ಬುದ್ಧಿಯ ಮಾತು ಕೇಳಲಿಲ್ಲ, ಕುಡಿಕೆ ಬಗ್ಗಿತು. ಅವನು ಕಣ್ಣು ಬಿಟ್ಟು ಬೋಗುಣಿಯೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಕೆಂಪಾಗೈತೆ," ಎಂದ.

ಅವಳು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅವನ ಬಾಯನ್ನೇ ನೋಡಿದಳು.

"ಕುದಿ ಸಾಲ್ದು ಕಣೆ. ಮಸೀನೂ ಕಡ್ಮೆ. ಯಾರ್ ಮಾಡಿದ್ದು ಇದನ್ನ?"

"ನಾನೇ."

"ಗೊತ್ತಾಗುತ್ತೆ," ಎಂದ ಆಂದ್ರೋನ್. "ಇಷ್ಟ್ ದಿನ ಇದನ್ನ ನೋಡಿ ನಂಬಿದ್ರಲ್ಲಾ, ಅವ್ರಿಗೆ ನಿಜವಾಗ್ಲೂ ತಲೆ ಕೆಟ್ಟಿರ್ಬೇಕು."

ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣಿನಿಂದಲೂ ಮೂಗಿನಿಂದಲೂ ಒಟ್ಟಿಗೆ ಇಳಿಯತೊಡಗಿತು. ಮೈಯಿಂದ ಸೋರುವ ಪ್ರತಿಯೊಂದಕ್ಕೂ ಹೆಸರು ಬಲ್ಲವಳಿಗೆ ಆಗ ಒಂದು ಹೆಸರೂ ನೆನಪಿಗೆ ಬರಲಿಲ್ಲ. ಕಚ್ಚಿಸಿಕೊಂಡ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಂದ್ರೋನ್ ಆ ಕೈ ಹಿಡಿದುಕೊಂಡ. ಆಮೇಲೆ ಉಳಿದದ್ದೂ ಹೊರಗೆ ಬಂತು.

"ಅವತ್ತು ಬೆಟ್ಟದ ಮೇಲೆ ಹದ್ದು ಬಂತು."

ಬೇರು ಅಗೆಯುವಾಗ ಹದ್ದು ಹತ್ತಿರ ಹಾರಿದರೆ ಅಗೆಯುವವನಿಗೆ ಆ ವರ್ಷದೊಳಗೆ ಸಾವು. ಬೆಳ್ಳುಳ್ಳಿ ತಿಂದು, ದ್ರಾಕ್ಷಾರಸ ಕುಡಿದು, ಮೂಡಣಕ್ಕೆ ಮುಖ ಮಾಡಿ ಬೇಡಿಕೊಂಡೇ ಗುದ್ದಲಿ ಎತ್ತುವವರು ನಾವು. ಹದ್ದು ಕಂಡರೆ ಗುಂಡಿ ಮುಚ್ಚಿ ಇಳಿದುಬಿಡುತ್ತೇವೆ.

"ಮತ್ತೆ ಯಾಕ್ ಅಗದೆ?" ಎಂದಳು ನಿಕಾಸೊ.

"ಆ ಹುಡ್ಗ ಅದನ್ನ ನೋಡಿ ನಕ್ಕ. 'ಅಲ್ ನೋಡು, ಎಷ್ಟ್ ಚೆನ್ನಾಗ್ ಹಾರ್ತದೆ' ಅಂದ. ಬಂದ ಮೇಲೆ ಅವ್ನು ನಕ್ಕಿದ್ದು ಅದೇ ಮೊದ್ಲು. ಅದು ನನ್ ಸಾವು ಕಣಪ್ಪ ಅಂತ ಹೆಂಗ್ ಹೇಳ್ಲಿ? ಸುಮ್ನೆ ಅಗದೆ. ಅದೇ ಬೇರು ಅವ್ನಿಗ್ ಕೊಟ್ಟೆ. ನನಗ್ ಬಂದಿದ್ದನ್ನ ಅವ್ನ ಬಾಯಿಗ್ ಹಾಕ್ದೆ. ಅವ್ನ ಸಾವು ಸಾಲ್ದೆ ಹೋಗಿದ್ರೆ ನನ್ ಸಾವೂ ಇನ್ನೂ ಬಾಕಿ ಐತೆ."

ಅದು ನಿನ್ನ ತಪ್ಪಲ್ಲ ಎಂದು ಹೇಳಬಹುದಿತ್ತು. ಹದ್ದಿಗೂ ಹುಡುಗನಿಗೂ ಏನು ಸಂಬಂಧ ಎಂದೂ ಅನ್ನಬಹುದಿತ್ತು. ಆದರೆ ಅವಳೂ ಅದೇ ಊರಿನವಳು, ಅವಳ ಅಪ್ಪನೂ ಬೇರು ಅಗೆದವನೇ. ಹದ್ದಿನ ಮಾತನ್ನು ಅವಳೂ ನಂಬಿದವಳೇ. ಅದಕ್ಕೇ ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಳು. ಅವನು ಹುಡುಗನ ಹೆಸರು ಹಿಡಿದು ಅತ್ತ. ಬಿಸಿನೀರು ತಂದ ಬಿತ್ತೊ ಬಾಗಿಲಲ್ಲೇ ನಿಂತುಬಿಟ್ಟಳು.

ಚಳಿಗಾಲವೆಲ್ಲ ಆಂದ್ರೋನ್ ಸ್ವಲ್ಪ ಸ್ವಲ್ಪವೇ ತಿಂದ, ಸ್ವಲ್ಪ ಸ್ವಲ್ಪವೇ ಮಾತಾಡಿದ. ಮೊದಲಿನಷ್ಟು ಮಾತು ಮತ್ತೆ ಬರಲಿಲ್ಲ. ಕೆಲವು ಸಂಜೆ ಈಗಲೂ ಗೋಡೆಗೆ ತಿರುಗುತ್ತಿದ್ದ. ಆಗ ನಿಕಾಸೊ ಅವನ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದಳು.

ಗೋದಿ ಮತ್ತೆ ಹಣ್ಣಾಯಿತು. ಹದ್ದಿನ ವರ್ಷ ಇನ್ನೂ ಮುಗಿದಿರಲಿಲ್ಲ, ಮುಗಿಯುವುದರಲ್ಲಿತ್ತು. ಗೂಡೆಯ ಬೇರು ಖಾಲಿಯಾಗಿತ್ತು. ಅವನು ಗುದ್ದಲಿ ಹೆಗಲಿಗೆ ಹಾಕಿದ್ದನ್ನು ನೋಡಿ ಅವಳೂ ತಲೆಗೆ ಬಟ್ಟೆ ಸುತ್ತಿಕೊಂಡಳು.

"ನೀನೆಲ್ಲಿಗೆ?"

"ನೀನು ನೆಲ ನೋಡ್ಕೊ. ಮೇಲ್ಗಡೆ ನಾನ್ ನೋಡ್ಕೊತೀನಿ."

ಬೆಳ್ಳುಳ್ಳಿ ತಿಂದರು, ದ್ರಾಕ್ಷಾರಸ ಕುಡಿದರು, ಬೇಡಿಕೊಂಡರು. ಅವನು ಬಗ್ಗಿ ಅಗೆಯತೊಡಗಿದ. ಅವಳು ಕತ್ತು ನೋಯುವ ತನಕ ಆಕಾಶ ನೋಡುತ್ತಾ ನಿಂತಳು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಕಡೆಯಿಂದ ಅದು ಬಂದೇ ಬಂತು. ರೆಕ್ಕೆ ಅಲ್ಲಾಡಿಸದೆ, ತಗ್ಗಿನಲ್ಲಿ, ನೆಟ್ಟಗೆ ಅವರ ಕಡೆಗೇ. ಅವಳು ತಲೆಯ ಬಟ್ಟೆ ಕಿತ್ತು ಬೀಸಿದಳು, ಕೈಗೆ ಸಿಕ್ಕ ಕಲ್ಲು ಎಸೆದಳು.

"ಏನದು?" ಎಂದ ಆಂದ್ರೋನ್, ತಲೆ ಎತ್ತದೆ.

"ಕಾಗೆ."

ಅಷ್ಟರಲ್ಲಿ ಅದರ ನೆರಳು ಕಂಬಳಿಯಷ್ಟು ಅಗಲವಾಗಿ ಅವನ ಗುಂಡಿಯ ಮೇಲೆ, ಅವನ ಎರಡು ಕೈಗಳ ಮೇಲೆ ಹಾದುಹೋಯಿತು. ಗುದ್ದಲಿ ನಿಂತಿತು. ನೆರಳು ಇಳಿಜಾರು ದಾಟಿ ಸಮುದ್ರದ ಕಡೆಗೆ ಹೋಗುವ ತನಕ ಅವನು ನೆಲವನ್ನೇ ನೋಡುತ್ತಿದ್ದ.

"ಭಾರಿ ಕಾಗೆ ಬಿಡು," ಎಂದ ಆಂದ್ರೋನ್, ಮತ್ತೆ ಅಗೆಯತೊಡಗಿದ.