ಕೈ ಬಿಟ್ಟರೆ ಒಪ್ಪಿದಂತೆ

ಅವಳಿಗೆ ಮೊಳೆ ಅಂತ ಹೆಸರಿಟ್ಟದ್ದು ನಮ್ಮ ಕೇರಿ. ಸಣಕಲು ಹುಡುಗಿ, ಒಂದು ಮಾತು ಹಿಡಿದಳೆಂದರೆ ಇಕ್ಕಳ ಹಾಕಿ ಎಳೆದರೂ ಬಿಡುತ್ತಿರಲಿಲ್ಲ. ಅವಳಮ್ಮ ಬಾಗಿಲ ಪಕ್ಕ ಮೇಜು ಹಾಕಿಕೊಂಡು, ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಅವಳನ್ನು ಓದಿಸಿದಳು.

ಓದಿ ಅವಳು ಹಿಡಿದ ಕೆಲಸ ಇದು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಇಲ್ಲದ ಕೋಣೆಯೊಂದು ಎದುರಿಗೆ ಬಂದು ನಿಲ್ಲುತ್ತದೆ. ಬೇರೆ ಬೇರೆ ಊರಿನವರು ಕಟ್ಟಿಕೊಂಡರೂ ಎಲ್ಲರೂ ಅದೇ ಕೋಣೆಯಲ್ಲಿ. ಅಲ್ಲಿ ಕೂಡಿ ಗೋಡೆ ಎಬ್ಬಿಸಬಹುದು, ಇಡೀ ಮನೆಯನ್ನೇ ಎತ್ತಿ ಆಚೆಗಿಡಬಹುದು. ಅಂಥ ಕೋಣೆಗಳನ್ನು ಕಟ್ಟುವವರಿಗೆ ಬೇಕಾದ ಸಾಫ್ಟ್‌ವೇರನ್ನು ಇವಳ ಕಂಪನಿ ಮಾಡುತ್ತಿತ್ತು. ಅದರಲ್ಲಿ ಒಂದು ತಕರಾರು. ಇಬ್ಬರು ಒಟ್ಟಿಗೆ ಒಂದೇ ಕುರ್ಚಿಗೆ ಕೈ ಹಾಕಿದರೆ ಅದು ದೆವ್ವ ಹಿಡಿದಂತೆ ನಡುಗುತ್ತಿತ್ತಂತೆ. ಮೊಳೆ ಅದಕ್ಕೊಂದು ನಿಯಮ ಬರೆದಳು. ಹಿಡಿದವರ ಕೈಯಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ಅವರು ಕೈ ಬಿಟ್ಟಲ್ಲಿ ಅದಕ್ಕೆ ನೆಲೆ. ಬಿಟ್ಟವರೇ ಬಂದು ಎತ್ತುವತನಕ ಬೇರೆಯವರು ಕದಲಿಸುವಂತಿಲ್ಲ.

"ಇದೇನು ನಾನು ಹೊಸದಾಗಿ ಕಂಡುಹಿಡಿದಿದ್ದಲ್ಲ ಅಣ್ಣಾ," ಎಂದು ನಕ್ಕಿದ್ದಳು. "ನಮ್ಮ ಕೇರೀಲಿ ನೀರಿನ ನಲ್ಲಿ ಹತ್ರ ಇರೋ ಕಾನೂನು. ಇಟ್ಟ ಕೊಡಾನ ಇಟ್ಟವಳೇ ಎತ್ಬೇಕು."

ಆಮೇಲೆ ಕೇರಿಯ ಮೇಲೆ ಮೇಲ್ಸೇತುವೆ ಬರುವುದೆಂದಾಯಿತು. ನಾವು ರಸ್ತೆಗೆ ಅಡ್ಡ ಕೂತೆವು, ಲಾಠಿ ತಿಂದೆವು, ಮತ್ತೆ ಕೂತೆವು. ಕೊನೆಗೆ ನಗರಸಭೆಯವರು, ಜನರನ್ನು ಕೇಳಿಯೇ ಮುಂದುವರಿಯುತ್ತೇವೆ ಅಂದರು. ಕೇಳುವ ಗುತ್ತಿಗೆ ಮೊಳೆಯ ಕಂಪನಿಗೆ ಸಿಕ್ಕಿತು. ಅವಳು ಹಟ ಹಿಡಿದು ಆ ಕೆಲಸ ತಾನೇ ತೆಗೆದುಕೊಂಡಳು.

"ಕೇಳೋಕೆ ಬರೋರು ಉತ್ತರ ಜೇಬಲ್ಲಿಟ್ಕೊಂಡೇ ಬರ್ತಾರೆ ಕಣೇ," ಅಂದೆ.

"ಇಷ್ಟು ವರ್ಷ ಕೂಗಿದ್ರಲ್ಲಣ್ಣಾ, ನಿಮ್ಮ ಗಂಟಲು ಹೋಗಿದ್ದು ಬಿಟ್ರೆ ಇನ್ನೇನು ಹೋಯ್ತು? ಒಂದ್ಸಲ ನಮ್ಮೋರು ಕೈಯಲ್ಲೇ ಮಾಡಿ ತೋರಿಸ್ಲಿ. ಕೇರಿ ಇಲ್ಲೇ ಇರ್ಲಿ, ಸೇತುವೆ ಸ್ವಲ್ಪ ಸೊಂಟ ಬಗ್ಗಿಸ್ಲಿ."

ಆ ಇಲ್ಲದ ಕೋಣೆಯೊಳಗೆ ಕೇರಿಯನ್ನು ಅವಳು ಹೇಗೆ ಕಟ್ಟಿದ್ದಳೆಂದರೆ, ಚರಂಡಿಯ ಮೇಲಿನ ಒಡೆದ ಕಲ್ಲು ಕೂಡ ಬಿಟ್ಟಿರಲಿಲ್ಲ. ಅವಳಮ್ಮನ ಮೇಜಿನ ಮೇಲಿನ ಸುಟ್ಟ ಕಲೆ ಇತ್ತು. ಕೇರಿಯ ಪಕ್ಕದಲ್ಲೇ ಊರಾಚೆಯ ಬಯಲೂ ಇತ್ತು, ಹಸಿರು ಬಳಿದುಕೊಂಡು.

"ಈ ಬಯಲು ಇಲ್ಯಾಕೆ ಬಂತು?" ಅಂತ ನಗರಸಭೆಯ ಯೋಜನಾಧಿಕಾರಿಯನ್ನು ಕೇಳಿದೆ.

"ಸುಮ್ನೆ ಸಾರ್, ಹೋಲಿಕೆಗೆ ಇರ್ಲಿ ಅಂತ," ಅಂದ.

ಶಾಲೆಯ ಹಾಲಿನಲ್ಲಿ ನಮ್ಮ ಹೆಂಗಸರು ಹೆಡ್‌ಸೆಟ್ ಏರಿಸಿಕೊಂಡರು. ಅದಕ್ಕೆ ಅವರಿಟ್ಟ ಹೆಸರು ಕಣ್ಕಟ್ಟು. ಮೊದಲು ಸ್ವಲ್ಪ ಹೊತ್ತು ಕೈ ಪಳಗಲಿ ಅಂತ ಮೊಳೆ ಅವರನ್ನು ಆಡಲು ಬಿಟ್ಟಳು. ಅವಳಮ್ಮ ಗಾಳಿಯಲ್ಲಿ ಕೈ ಚಾಚಿ ತನ್ನ ಮನೆಯನ್ನೇ ಎತ್ತಿಬಿಟ್ಟಳು.

"ಅಯ್ಯಯ್ಯೋ, ಎಷ್ಟು ಹಗುರ ಕಣೇ!"

"ಹಗುರ ಇರ್ದೆ ಏನಕ್ಕಾ, ಒಳಗೆ ನಿನ್ನ ಗಂಡ ಇಲ್ವಲ್ಲ!" ಎಂದಳು ಪಕ್ಕದ ಮನೆಯ ಹಾಸಿಗೆ ಹೊಲಿಯುವವಳು. ಹಾಲ್ ಹಾರಿಹೋಗುವಂತೆ ನಕ್ಕರು.

"ಕೈ ನೋಯ್ತಿದೆ ಮಗಾ, ಎಲ್ಲಿಡ್ಲಿ ಇದನ್ನ?"

"ಎಲ್ಲಾದ್ರೂ ಇಡಮ್ಮಾ. ಕಲಿಯೋಕೆ ತಾನೆ."

ಅಮ್ಮ ಅದನ್ನು ಬಯಲಿನಲ್ಲಿ ಒಂದು ಮರದ ಕೆಳಗಿಟ್ಟಳು. ನೆರಳಿತ್ತು, ಅದಕ್ಕೆ. ಅದನ್ನು ಕಂಡ ಹಾಸಿಗೆಯವಳು, "ಅಕ್ಕ ಒಬ್ಳೇ ಆಗ್ಬಿಟ್ಳಲ್ಲೇ," ಅಂತ ತನ್ನ ಮನೆಯನ್ನೂ ತಂದು ಮಗ್ಗುಲಲ್ಲಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ನಗುನಗುತ್ತಾ ಇಡೀ ಕೇರಿ ಬಯಲಿಗೆ ಹೊರಟುಹೋಯಿತು. ಅಷ್ಟರಲ್ಲಿ ಅಧಿಕಾರಿ ಎದ್ದು ಕೈ ಮುಗಿದ. "ತುಂಬಾ ಸಂತೋಷ. ಇವತ್ತಿಗೆ ಸಾಕು."

ಸೇತುವೆಯ ಮಾತು ಇನ್ನೂ ಶುರುವೇ ಆಗಿರಲಿಲ್ಲ.

ನಿವಾಸಿಗಳು ತಮ್ಮ ಮನೆಗಳನ್ನು ಸ್ವಇಚ್ಛೆಯಿಂದ, ಸ್ವಂತ ಕೈಯಿಂದ ಸ್ಥಳಾಂತರಿಸಿದ್ದಾರೆ ಎಂದು ನಗರಸಭೆ ಪ್ರಕಟಿಸಿತು. ಮೊಳೆ ನಗರಸಭೆಗೆ ಓಡಿದಳು. ನಾನೂ ಜೊತೆಗೆ ಹೋದೆ.

"ಅದು ಕಲಿಯೋ ಆಟ ಸಾರ್. ಯಾರೂ ಒಪ್ಪಿಲ್ಲ."

"ಯಾರು ಎತ್ತಿದ್ರು, ಎಲ್ಲಿ ಬಿಟ್ರು, ಎಲ್ಲ ನಿಮ್ಮ ಸಾಫ್ಟ್‌ವೇರೇ ಹೇಳ್ತಿದೆಯಲ್ಲಮ್ಮಾ," ಎಂದ ಅಧಿಕಾರಿ. "ಕೈ ಬಿಟ್ಟಲ್ಲಿ ನೆಲೆ. ನೀವೇ ಬರೆದ ನಿಯಮ."

"ಹಾಗಾದ್ರೆ ಮತ್ತೆ ಕೋಣೆ ತೆರೀರಿ. ಅವರವರ ಮನೆ ಅವರೇ ವಾಪಸ್ ಇಡ್ತಾರೆ."

ಗುತ್ತಿಗೆ ಮುಗಿದಿದೆ, ಕೋಣೆಗೆ ಬೀಗ ಬಿದ್ದಿದೆ ಎಂದಿತು ಕಂಪನಿ. ಕಟ್ಟಿದವಳಿಗೆ ಒಳದಾರಿ ಗೊತ್ತಿತ್ತು; ಮೊಳೆ ತಾನೊಬ್ಬಳೇ ಒಳಹೊಕ್ಕು ಅಮ್ಮನ ಮನೆಗೆ ಕೈ ಹಾಕಿ ನೋಡಿದಳಂತೆ. ಕದಲಲಿಲ್ಲ. ಇಟ್ಟವಳು ಅಮ್ಮ, ಎತ್ತಬೇಕಾದವಳೂ ಅಮ್ಮನೇ. ಬಲವಂತರು ಕಿತ್ತುಕೊಳ್ಳಬಾರದು ಅಂತ ಮಾಡಿದ ಕಾನೂನು ಬಲವಂತರ ಮನೆಬಾಗಿಲು ಕಾಯುತ್ತಿತ್ತು.

ಬುಲ್ಡೋಜರ್ ಬಂದ ದಿನ ಅಮ್ಮ ಬಾಗಿಲ ಚೌಕಟ್ಟನ್ನು ಅಪ್ಪಿ ಹಿಡಿದಿದ್ದಳು. ಮಹಿಳಾ ಪೊಲೀಸೊಬ್ಬಳು ಬೆರಳು ಬಿಡಿಸುತ್ತಾ, "ಕೈ ಬಿಡಮ್ಮಾ, ನೀನೇ ಒಪ್ಪಿದ್ದೀಯಂತಲ್ಲ," ಎಂದಳು. ಆ ಹುಡುಗಿಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನಿಜವೆಂದೇ ನಂಬಿದ್ದಳು.

ನಿಜವಾದ ಬಯಲಿನಲ್ಲಿ ಆ ಮರ ಇರಲಿಲ್ಲ. ಅಮ್ಮನಿಗೆ ಕೊಟ್ಟದ್ದು ಅಲ್ಲಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ. ಇಸ್ತ್ರಿಗೆ ಬಟ್ಟೆ ತರಲು ಅಲ್ಲಿಗೆ ಯಾರು ಹತ್ತುತ್ತಾರೆ? ಕಂಪನಿ ಮಾತ್ರ ನಮ್ಮ ಕೇರಿಯನ್ನು ಮಾದರಿಯಾಗಿ ಇಟ್ಟುಕೊಂಡು ಬೇರೆ ನಗರಗಳಿಗೆ ಸಾಫ್ಟ್‌ವೇರ್ ಮಾರುತ್ತಿದೆ. ಯಾರ‍್ಯಾರೋ ಕಣ್ಕಟ್ಟು ಏರಿಸಿಕೊಂಡು ನಮ್ಮ ಚರಂಡಿ ದಾಟುತ್ತಾರೆ. ಎಷ್ಟು ನೈಜ ಅನ್ನುತ್ತಾರೆ.

ಕೆಲಸ ಬಿಡು ಅಂತ ಮೊಳೆಗೆ ಹೇಳಿದೆ.

"ಬಿಟ್ಟು ಎಲ್ಲಿಗೆ ಹೋಗ್ಲಿ ಅಣ್ಣಾ? ಅಮ್ಮನ ಹೊಟ್ಟೆಗೆ ಏನು ಹಾಕ್ಲಿ?" ಅಂದಳು. ಧರಣಿಗೆ ಕೂರಲು ಕೇರಿಯೇ ಇಲ್ಲ.

ಮೊನ್ನೆ ಹೋದಾಗ ಅಮ್ಮ ಮಗಳ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮುಗಿದ ಮೇಲೂ ಕಾದ ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

"ಕೆಳಗಿಡಮ್ಮಾ, ಕೈ ಸುಟ್ಕೋತೀಯ," ಎಂದಳು ಮೊಳೆ.

ಅಮ್ಮ ಮೇಜು ನೋಡಿದಳು, ಮಗಳನ್ನು ನೋಡಿದಳು.

"ಇಲ್ಲಿಟ್ರೆ ಏನಕ್ಕೂ ಒಪ್ಪಿದ ಹಾಗಾಗಲ್ಲ ತಾನೆ ಮಗಾ?"