ಹದಿನೆಂಟನೇ ತಾರೀಕಿನ ಮಳೆ

ಮಹಾಬಲಣ್ಣನ ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ಎದ್ದ ತ್ಯಾಂಪಣ್ಣ ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಮೂಗಿಗೇರಿಸಿ, ಸಭೆಗೆಲ್ಲ ಕೇಳುವ ಹಾಗೆ ಓದಿದರು: “ಜುಲೈ ಹದಿನೆಂಟು. ನೂರ ಹನ್ನೆರಡು ಮಿಲಿಮೀಟರ್.”

ಅದು ಬೇರೆ ಚೀಟಿ. ಭಾವನ ಗುಣಗಾನ ಬರೆದದ್ದು ಎಡಜೇಬಿನಲ್ಲಿತ್ತು, ಕೈ ಹೋದದ್ದು ಬಲಜೇಬಿಗೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ತ್ಯಾಂಪಣ್ಣ ಸರಿಯಾದ ಚೀಟಿ ಹುಡುಕಲಿಲ್ಲ. ಹಾಗೇ ಕೂತುಬಿಟ್ಟರು. ನನಗೆ ತಿಳಿದ ಮಟ್ಟಿಗೆ, ಸತ್ತವನ ಫೋಟೋದ ಎದುರು ವಾದ ಮುಂದುವರಿಸಿದವರು ಐವರ್ನಾಡಿನಲ್ಲಿ ಅವರೊಬ್ಬರೇ.

ವಾದ ಒಂಬತ್ತು ವರ್ಷ ಹಳೆಯದು. ನಮ್ಮ ಕಡೆ ಕೃಷಿಕರಲ್ಲಿ ಮಳೆ ಅಳೆಯುವ ಒಂದು ಗೀಳುಂಟು. ಅಂಗಳದಲ್ಲಿ ಕಂಬ, ಕಂಬದ ಮೇಲೆ ಡಬ್ಬಿ, ಬೆಳಿಗ್ಗೆ ಎಂಟಕ್ಕೆ ಅಳತೆ, ಒಂದು ನೋಟ್‌ಬುಕ್. ತ್ಯಾಂಪಣ್ಣನಿಗೂ ಅವರ ತಂಗಿ ಸೇವಂತಿಯನ್ನು ಮದುವೆಯಾದ ಮಹಾಬಲಣ್ಣನಿಗೂ ಈ ಗೀಳು ಸಮಸಮ. ಎರಡು ಮನೆಗಳ ನಡುವೆ ಒಂದು ರಸ್ತೆ ಮಾತ್ರ. ತಿಂಗಳ ಕೊನೆಗೆ ಒಬ್ಬರು ಇನ್ನೊಬ್ಬರಲ್ಲಿಗೆ ಹೋಗಿ, ಚಾ ಕುಡಿದು, ಒಟ್ಟು ಮೊತ್ತ ತಾಳೆ ನೋಡುವುದು ರೂಢಿ. ಮೊತ್ತ ಹೆಚ್ಚುಕಡಿಮೆ ಕೂಡಿಬರುತ್ತಿತ್ತು. ಸಂಬಂಧವೂ ಕೂಡಿಯೇ ಬಂದಿತ್ತು.

ಒಂದು ಫೆಬ್ರವರಿಯಲ್ಲಿ ಕಡಬದ ಮದುವೆಯೂಟದ ಪಂಕ್ತಿಯಲ್ಲಿ ಕಳೆದ ಜುಲೈಯ ದೊಡ್ಡ ಮಳೆಯ ಮಾತು ಬಂತು. ಹದಿನೆಂಟನೇ ತಾರೀಕು ನೂರ ಹನ್ನೆರಡು ಎಂದರು ತ್ಯಾಂಪಣ್ಣ. ಅಲ್ಲ, ತೊಂಬತ್ತನಾಲ್ಕು ಎಂದರು ಮಹಾಬಲಣ್ಣ. ಇಬ್ಬರಿಗೂ ತಮ್ಮ ಪುಸ್ತಕ ಬಾಯಿಪಾಠ. ಗಂಡಿನ ಕಡೆಯವರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದಾಗ ಮಹಾಬಲಣ್ಣ ತಮಾಷೆಗೆಂದೇ ಹೇಳಿದರು: “ಭಾವ, ಉಳಿದ ಹದಿನೆಂಟು ನಿಮ್ಮ ನಾಯಿಯದ್ದು. ಡಬ್ಬಿಯ ಕಂಬ ಸ್ವಲ್ಪ ಎತ್ತರ ಮಾಡಿ.”

ಇಡೀ ಪಂಕ್ತಿ ನಕ್ಕಿತು. ತ್ಯಾಂಪಣ್ಣ ಪಾಯಸಕ್ಕೆ ಕಾಯದೆ ಎದ್ದರು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದರು. ನೂರ ಹನ್ನೆರಡೇ. ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ರಸ್ತೆಯ ಆಚೆ ಮಹಾಬಲಣ್ಣನೂ ಪುಸ್ತಕ ತೆಗೆದು ನೋಡಿದರು. ತೊಂಬತ್ತನಾಲ್ಕೇ. ಆಮೇಲೆ ಆ ರಸ್ತೆ ದಾಟುತ್ತಿದ್ದದ್ದು ಸೇವಂತಿ ಒಬ್ಬರೇ.

ಉತ್ತರಕ್ರಿಯೆ ಮುಗಿದ ಸಂಜೆ ಸೇವಂತಿ ಅಣ್ಣನ ಕೈಯಲ್ಲಿ ಗಂಡನ ನೋಟ್‌ಬುಕ್‌ಗಳ ಕಟ್ಟು ಇಟ್ಟರು. “ಯಾರದ್ದು ಸರಿ ಅಂತ ನೋಡಿ ಹೇಳು ಅಣ್ಣ. ಒಂಬತ್ತು ವರ್ಷ ಎರಡು ಮನೆಯ ನಡುವೆ ನಡೆದದ್ದು ನಾನು. ನನಗೂ ಗೊತ್ತಾಗ್ಲಿ.”

ಹಾಗೆ ಆ ಕಟ್ಟು ಚೀಲದಲ್ಲಿ ಕೂತು ದರ್ಬೆ ಪೇಟೆಯ ನನ್ನ ಝೆರಾಕ್ಸ್ ಅಂಗಡಿಗೆ ಬಂತು. ತ್ಯಾಂಪಣ್ಣನಿಗೆ ಬೇಕಾದದ್ದು ನ್ಯಾಯ, ಅದೂ ಮನುಷ್ಯರದ್ದಲ್ಲ. ಮನುಷ್ಯರು ನಗುತ್ತಾರೆ. ಎರಡು ಪುಸ್ತಕ ಎಷ್ಟು ಒಪ್ಪುತ್ತವೆ ಎಂದು ಕಂಪ್ಯೂಟರೇ ಹೇಳಬೇಕು. ಭಾವನ ಪುಸ್ತಕ ಸುಳ್ಳಾದರೆ ಒಂಬತ್ತು ವರ್ಷ ಭಾವನ ತಪ್ಪು. ತನ್ನದು ಸುಳ್ಳಾದರೆ ತನ್ನ ತಪ್ಪು. ಎರಡರಲ್ಲಿ ಒಂದು ಗೊತ್ತಾಗದೆ ನಿದ್ದೆ ಬರುವುದಿಲ್ಲ ಎಂದರು.

ನನಗೆ ಗೊತ್ತಿರುವ ಒಪ್ಪಿಗೆ ಎಂದರೆ ಒಪ್ಪಿಗೆ ಪತ್ರ, ಪುಟಕ್ಕೆ ಎರಡು ರೂಪಾಯಿ. ಆದ್ದರಿಂದ ಸೊಸೆ ಪ್ರೀತಿಕಾಳನ್ನು ಕರೆದೆ. ಅಕ್ಕನ ಮಗಳು. ಆಸ್ಪತ್ರೆಯ ದಾಖಲೆಗಳಲ್ಲಿ ಒಂದೇ ರೋಗಿಯ ಬಗ್ಗೆ ಎರಡು ಕಡೆ ಬರೆದದ್ದು ಹೊಂದುತ್ತದಾ ಎಂದು ನೋಡುವುದೇ ಅವಳ ಸಂಶೋಧನೆ.

ಮೊದಲು ಸಿಕ್ಕಿದ ಸಾಫ್ಟ್‌ವೇರ್ ಹದಿನೈದು ದಿನ ಬಿಟ್ಟಿ, ಆಮೇಲೆ ಬೀಗ. ಎರಡನೆಯದಕ್ಕೆ ಪುಸ್ತಕವನ್ನೆಲ್ಲ ಅವರ ಕಂಪ್ಯೂಟರಿಗೆ ಕಳಿಸಿಕೊಡಬೇಕು. ತ್ಯಾಂಪಣ್ಣ ತಲೆಯಾಡಿಸಿದರು. ಭಾವನ ಪುಸ್ತಕ ಯಾರದ್ದೋ ಮನೆಗೆ ಹೋಗುವುದು ಬೇಡ. ಮತ್ತೊಂದು ನೋಡಲು ಚಂದ, ಆದರೆ ಎರಡು ಸಾಲು ಒಟ್ಟಿಗೆ ಏರಿ ಇಳಿಯುತ್ತವಾ ಎಂದಷ್ಟೇ ಹೇಳುತ್ತದೆ. ಅದು ಒಪ್ಪಿಗೆ ಅಲ್ಲವಂತೆ. ಎರಡು ಗಡಿಯಾರ ಒಂದೇ ವೇಗದಲ್ಲಿ ಓಡಿದರೂ ಒಂದು ಹತ್ತು ನಿಮಿಷ ಹಿಂದಿದ್ದರೆ ಬಸ್ಸು ತಪ್ಪುತ್ತದೆ ಎಂದಳು ಪ್ರೀತಿಕಾ.

ಕೊನೆಗೆ ಸಿಕ್ಕಿದ್ದು ‘ಆರ್’. ಓಪನ್ ಸೋರ್ಸ್. ಹೆಸರು ಆರ್ ಆದರೂ ಆರು ಕಾಸೂ ಕೊಡಬೇಕಿಲ್ಲ ಎಂದು ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಒಳಗೆ ಹೇಗೆ ಲೆಕ್ಕ ಮಾಡುತ್ತದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ಬರೆದವರಲ್ಲಿ ತುಂಬ ಜನ ಸುಮ್ಮನೆ ಬರೆದುಕೊಟ್ಟದ್ದು ಎಂದು ಪ್ರೀತಿಕಾ ವಿವರಿಸಿದಳು. ತ್ಯಾಂಪಣ್ಣನಿಗೆ ಅದು ಹಿಡಿಸಿತು. ಸಂಬಳವಿಲ್ಲದೆ ದಿನಾ ಬೆಳಿಗ್ಗೆ ಒಂದು ಕೆಲಸ ಮಾಡುವವರು ಲೋಕದಲ್ಲಿ ಬೇರೆಯೂ ಇದ್ದಾರಲ್ಲ ಎಂದರು.

ಎಂಟು ದಿನ ಅವರು ಓದಿದರು, ನಾನು ಟೈಪ್ ಮಾಡಿದೆ. ಮೊದಲು ಅವರದ್ದು, ಮತ್ತೆ ಭಾವನದ್ದು. ತಮ್ಮ ಅಂಕಿ ಓದುವಾಗ ಪಂಚಾಯತು ಸಭೆಯ ಸ್ವರ. ಭಾವನದ್ದು ಓದುವಾಗ ಸ್ವರ ಇಳಿಯಿತು. ಎರಡನೇ ಪುಸ್ತಕದಲ್ಲಿ ಒಂದು ಕಡೆ, “ಜೂನ್ ಒಟ್ಟು ಎಂಟುನೂರ ಹನ್ನೆರಡು, ಭಾವನದ್ದು,” ಎಂದು ನಿಂತರು.

ಬಗ್ಗಿ ನೋಡಿದೆ. ‘ಭಾವನದ್ದು’, ಅಂದರೆ ತ್ಯಾಂಪಣ್ಣನದ್ದು, ಎಂದು ಬರೆದು ಮುಂದೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದಿತ್ತು. ಗೆರೆಯ ಮೇಲೆ ಏನೂ ಇಲ್ಲ. ಪುಟ ತಿರುವಿದರೆ ಜುಲೈಯಲ್ಲೂ ಹಾಗೆ. ಆಗಸ್ಟಿನಲ್ಲೂ. ಒಂಬತ್ತು ವರ್ಷದ ಪ್ರತಿ ತಿಂಗಳ ಕೊನೆಗೆ ಮಹಾಬಲಣ್ಣ ಜಾಗ ಬಿಟ್ಟಿದ್ದರು. ತ್ಯಾಂಪಣ್ಣನ ಪುಸ್ತಕದಲ್ಲಿ ಅಂಥ ಗೆರೆ ಇರಲಿಲ್ಲ. ಅವರು ಎದ್ದು ಹೋಗಿ ಝೆರಾಕ್ಸ್ ಮಿಷನಿನ ಕಡೆ ಮುಖ ಮಾಡಿ ತುಂಬ ಹೊತ್ತು ನಿಂತರು. ಅದು ಆಫ್ ಇತ್ತು.

ಭಾನುವಾರ ಪ್ರೀತಿಕಾ ಲೆಕ್ಕ ಓಡಿಸಿದಳು. ಒಂದು ಬಂದರೆ ಪೂರ್ತಿ ಒಪ್ಪಿಗೆ. ಬಂದದ್ದು ಸೊನ್ನೆ ಪಾಯಿಂಟ್ ನಾಲ್ಕು ಒಂದು. ತ್ಯಾಂಪಣ್ಣ ಕಣ್ಣು ಮುಚ್ಚಿಕೊಂಡರು. ಅವಳಿಗೆ ಏನೋ ಸಂಶಯ. ಒಂದೇ ರಸ್ತೆಯ ಈಚೆ ಆಚೆ ಇಷ್ಟು ವ್ಯತ್ಯಾಸ ಬರುವುದುಂಟಾ? ಮಹಾಬಲಣ್ಣನ ಸಾಲನ್ನು ಒಂದು ದಿನ ಮುಂದಕ್ಕೆ ತಳ್ಳಿ ಮತ್ತೆ ಓಡಿಸಿದಳು.

ಸೊನ್ನೆ ಪಾಯಿಂಟ್ ಒಂಬತ್ತು ಎಂಟು.

ಮೊದಲ ಪುಸ್ತಕ ತೆಗೆದು ನೋಡಿದೆವು. ತ್ಯಾಂಪಣ್ಣನ ನೂರ ಹನ್ನೆರಡು ಭಾವನ ಪುಸ್ತಕದಲ್ಲಿಯೂ ಇತ್ತು, ಹದಿನೇಳರ ಎದುರು. ಭಾವನ ತೊಂಬತ್ತನಾಲ್ಕು ತ್ಯಾಂಪಣ್ಣನಲ್ಲಿಯೂ ಇತ್ತು, ಹತ್ತೊಂಬತ್ತರ ಎದುರು. ಬೆಳಿಗ್ಗೆ ಎಂಟಕ್ಕೆ ಅಳೆದದ್ದನ್ನು ತ್ಯಾಂಪಣ್ಣ ಅಳೆದ ದಿನದ ಹೆಸರಿನಲ್ಲಿ ಬರೆಯುವುದು. ಮಹಾಬಲಣ್ಣ ಅದನ್ನೇ ಹಿಂದಿನ ದಿನದ ಹೆಸರಿನಲ್ಲಿ, ಯಾಕೆಂದರೆ ಮಳೆ ಬಿದ್ದದ್ದು ನಿನ್ನೆಯಲ್ಲವಾ. ಇಬ್ಬರೂ ಸರಿ. ತಿಂಗಳ ಮೊತ್ತ ಮಾತ್ರ ತಾಳೆ ನೋಡುತ್ತಿದ್ದವರಿಗೆ ಇದು ಗೊತ್ತಾಗುವುದು ಹೇಗೆ?

ತಪ್ಪು ಯಾರದ್ದೆಂದು ತಿಳಿಯಲು ಬಂದ ಮನುಷ್ಯನಿಗೆ ತಪ್ಪೇ ಇಲ್ಲ ಎಂದು ಹೇಳುವಷ್ಟು ಕಷ್ಟದ ಕೆಲಸ ನಾನು ಅಂಗಡಿಯಲ್ಲಿ ಮಾಡಿಲ್ಲ. ಅವರು ಜೇಬಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಯಲ್ಲೆಲ್ಲ ಹರಿದಿತ್ತು. ಭಾವನ ಕೊನೆಯ ಪುಸ್ತಕ ತೆಗೆದು, ನನ್ನ ಪೆನ್ನು ಕೇಳಿ, ಕೊನೆಯ ಗೆರೆಯ ಮೇಲೆ ತಮ್ಮ ಆ ತಿಂಗಳ ಮೊತ್ತ ಬರೆದರು. ಹಿಂದಿನ ಗೆರೆಯ ಮೇಲೂ ಬರೆದರು. ಮೂರನೆಯದನ್ನು ಹಾಗೇ ಬಿಟ್ಟು ಪೆನ್ನು ಮುಚ್ಚಿ ನನಗೆ ಕೊಟ್ಟರು.

ಪ್ರೀತಿಕಾ ಮೆಲ್ಲ ಇನ್ನೊಂದು ವಿಷಯ ಎತ್ತಿದಳು. ನಾಲ್ಕು ವರ್ಷದಿಂದ ಅವರ ಅಳತೆ ಪ್ರತಿ ಸಲ ಭಾವನದ್ದಕ್ಕಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಬರುತ್ತಿತ್ತು. ತ್ಯಾಂಪಣ್ಣ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು.

ಬಾಗಿಲ ತನಕ ಹೋದೆ. ಕೇಳಬಾರದಿತ್ತು, ಕೇಳಿದೆ. “ತ್ಯಾಂಪಣ್ಣ, ಮಹಾಬಲಣ್ಣ ಈಗ ಇಲ್ಲಿ ಬಂದು ನಿಂತರೆ ಮೊದಲು ಎಂತ ಹೇಳ್ತಿದ್ರಿ?”

ಅವರು ಚೀಲವನ್ನು ಮೆಟ್ಟಿಲ ಮೇಲಿಟ್ಟರು.

“ಡಬ್ಬಿ ಎಲ್ಲಿಂದ ತಂದದ್ದು ಅಂತ ಕೇಳ್ತಿದ್ದೆ ಮಾರಾಯ್ರೆ. ನನ್ನದು ಸೋರ್ತದೆ, ನಾಲ್ಕು ವರ್ಷ ಆಯ್ತು.”